ರೊಟ್ಟಿ ತಿನ್ನಿಸಿ ಹಾಸ್ಟೆಲ್ ಆರಿಸಿದ್ದು

ನಮ್ಮ ಅಕ್ಕ ಕಸ್ತೂರಿ ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಾಗ ಅವಳಿಗೆ ಹಾಸ್ಟೆಲ್ ಆರಿಸಿದ್ದು ನಮ್ಮ ಅಪ್ಪ ಮಾಲಿಂಗಪ್ಪ. ಆರಿಸಿದ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಹಾಸ್ಟೆಲಿನ ಒಳಗೆ ನಡೆದದ್ದನ್ನು ಅಕ್ಕ ಹೇಳಿದಂತೆ, ಅವಳ ಬಾಜೂ ಮಂಚದ ಸಪ್ನಾ ಹೇಳಿದಂತೆ ಬರೆದಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಹೊಂದಲಿಲ್ಲ ಎಂದೇ ತಿಳಿಸಿದ್ದೇನೆ.

ನಾವು ತುಕ್ಕಾನಟ್ಟಿಯವರು. ಕುರಿಗಳಿವೆ, ಸ್ವಲ್ಪ ಹೊಲವೂ ಇದೆ. ದೀಪಾವಳಿ ಮುಗಿದ ಮೇಲೆ ಅಪ್ಪ, ಅವ್ವ, ನಾನು ಕುರಿ ಹೊಡೆದುಕೊಂಡು ಹೊರಡುತ್ತೇವೆ. ಬೆಳೆ ತೆಗೆದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತೇವೆ; ಅಂದರೆ ಬಲೆ ಕಟ್ಟಿ ಅಲ್ಲೇ ಮಲಗಿಸುತ್ತೇವೆ. ಗೊಬ್ಬರವಾಯಿತೆಂದು ಹೊಲದವರು ಕಾಳು ಕೊಡುತ್ತಾರೆ. ಅಕ್ಕನ ಪಿಯುಸಿ ಮುಗಿಯುವವರೆಗೆ ಮನೆಯಲ್ಲಿ ಅಜ್ಜಿ ಇದ್ದಳು; ಈಗ ಆ ದಿನಗಳಲ್ಲಿ ಮನೆಗೆ ಬೀಗ. ಊರಿಂದ ಗೋಕಾಕ ದೂರವೇನಲ್ಲ, ಬಸ್ಸೂ ಇದೆ. ಆದರೆ ಬೀಗ ಹಾಕಿದ ಮನೆಯಿಂದ ದಿನಾ ಕಾಲೇಜಿಗೆ ಹೋಗಿ ಬರಲು ಬರುವುದಿಲ್ಲ.

ಅವ್ವನ ತಮ್ಮ ಸಿದ್ರಾಯ ಮಾವ ಹುಕ್ಕೇರಿಯಲ್ಲಿದ್ದಾನೆ. “ಹಾಸ್ಟೆಲ್ ಯಾಕ ಬೇಕು? ನಮ್ಮನಿ ಏನ್ ಸಣ್ಣದೈತೇನ? ಇಲ್ಲೇ ಇರಲಿ, ಇಲ್ಲೇ ಬಿ.ಎ. ಮಾಡ್ಲಿ,” ಎಂದು ಮಾವ ಹೇಳಿದ. ಮಾವನ ಮನೆಯಲ್ಲಿ ಮೂರು ಎಮ್ಮೆಗಳಿವೆ. ಎಮ್ಮೆಗಳ ಸುದ್ದಿಯನ್ನು ಅವನು ತೆಗೆಯಲಿಲ್ಲ. ಹಿಂದೆ ಇದೇ ರೀತಿ ಓದಲು ಬಂದು ಅವರ ಮನೆಯಲ್ಲಿ ಉಳಿದಿದ್ದ ಅತ್ತೆಯ ಕಡೆಯ ಹುಡುಗಿಯೊಬ್ಬಳು ಈಗ ಹಾಲು ಹಿಂಡುವುದರಲ್ಲಿ ಬಹಳ ಚಲೋ ಎಂದು ಹೆಸರು ಮಾಡಿದ್ದಾಳೆ. ಅವಳು ಯಾವ ವರ್ಷದವರೆಗೆ ಓದಿದಳು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಅಕ್ಕನಿಗೆ ಫಿಜಿಕ್ಸ್ ಓದಬೇಕಿತ್ತು. ಮೂಡಲಗಿಯಲ್ಲಿ ಪಿಯುಸಿ ಓದುವಾಗಿನಿಂದ ಅವಳಿಗೆ ಅದೊಂದೇ. ಅಪ್ಪ ಒಪ್ಪಿದ. ಒಪ್ಪುವಾಗ ಒಂದು ಮಾತು ಹೇಳಿದ.

“ಹಾಸ್ಟೆಲಿನಿಂದ ನಿನ್ನ ಮ್ಯಾಲ ಒಂದ ಮಾತು ನನ್ನ ಕಿವೀಗಿ ಬಿತ್ತಂದ್ರ, ಟ್ರಂಕ್ ಹುಕ್ಕೇರಿಗಿ.”

“ಹ್ಞೂಂ,” ಎಂದಳು ಅಕ್ಕ.

ಕುರಿ ತರುಬುವ ಜಾಗ ಆರಿಸಲು ನಮ್ಮ ಮನೆಯಲ್ಲಿ ಒಂದು ರೀತಿ ಇದೆ. ಎಲ್ಲರ ಮನೆಯಲ್ಲೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹಿಂಡಿನ ಹಿರೇ ಕುರಿಯೊಂದನ್ನು ಮೊದಲು ಹೊಲಕ್ಕೆ ಬಿಡುತ್ತಾರೆ. ಅದು ಕುಂತು ಮೆಲುಕು ಹಾಕಿದರೆ ಜಾಗ ಚಲೋ. ನಿಂತೇ ಮೂಸುತ್ತಿದ್ದರೆ ಮುಂದಿನ ಹೊಲಕ್ಕೆ ನಡೆಯಬೇಕು. ಕುರಿಗೆ ಯಾರೂ ಏನೂ ಹೇಳಬಾರದು, ಆಸೆ ತೋರಿಸಬಾರದು. ಅಪ್ಪನ ಪ್ರಕಾರ ಈ ರೀತಿ ಇದುವರೆಗೆ ಸುಳ್ಳಾಗಿಲ್ಲ.

ಜೂನ್ ತಿಂಗಳಲ್ಲಿ ಅಪ್ಪ, ಅಕ್ಕ, ನಾನು ಮೂವರೂ ಗೋಕಾಕಕ್ಕೆ ಹೋದೆವು. ಹೊರಡುವ ಮುಂಚೆ ಅವ್ವ ಅಕ್ಕನನ್ನು ಕೂರಿಸಿ, “ಪ್ಯಾಟ್ಯಾಗ ಏನ್ ಸಿಗತೈತೋ ಏನೋ, ಉಣ್ಣ,” ಎಂದು ಬಹಳ ಉಣಿಸಿದಳು. ಅಪ್ಪ ಬೇರೆಯಾಗಿ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಸಿಕೊಂಡ. “ಅಲ್ಲಿ ನೀ ಏನೂ ಮಾತಾಡಬ್ಯಾಡ. ನಾ ಹೇಳಿದಷ್ಟ ಮಾಡು,” ಎಂದು ಅಕ್ಕನಿಗೆ ಹೇಳಿದ.

ಮೊದಲನೆಯದು ಕಾಶಿನಾಥ ಎಂಬುವವರ ಹಾಸ್ಟೆಲ್. ಎರಡು ಅಂತಸ್ತು. ಒಂದು ಖೋಲಿಗೆ ಇಬ್ಬರೇ ಹುಡುಗಿಯರು, ಇಬ್ಬರಿಗೂ ಬೇರೆ ಬೇರೆ ಟೇಬಲ್, ಒಂದು ಕಿಟಕಿ. ಅಕ್ಕ ಆ ಟೇಬಲ್ಲಿನ ಮೇಲೆ ಕೈ ಇಟ್ಟು ನಿಂತಳು. ಅಪ್ಪ ಬುತ್ತಿ ಬಿಚ್ಚಿ, “ಕುಂತು ತಿನ್ನು,” ಎಂದ.

“ಈಗ?”

“ತಿನ್ನು.”

ಕಾಶಿನಾಥರು ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಏನು ನಡೆದಿದೆ ಎಂದು ತಿಳಿಯಲಿಲ್ಲ. ಅಕ್ಕ ರೊಟ್ಟಿಯ ಒಂದು ಚೂರು ಮುರಿದು ಕೈಯಲ್ಲಿ ಹಿಡಿದುಕೊಂಡಳು. ಹೊಟ್ಟೆ ತುಂಬಿತ್ತು, ಅಲ್ಲದೆ ಗುರುತಿಲ್ಲದವರ ಎದುರು ತಿನ್ನುವುದು ಅವಳಿಗೆ ಆಗುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ನೋಡಿ ಬುತ್ತಿ ಕಟ್ಟಿದ. “ಬರತೇವ್ರಿ,” ಎಂದು ಕಾಶಿನಾಥರಿಗೆ ಕೈ ಮುಗಿದ. ಖೋಲಿ ಹೇಗಿದೆ ಎಂದು ಅವರು ಕೇಳುವಷ್ಟರಲ್ಲಿ ನಾವು ರಸ್ತೆಗೆ ಬಂದಿದ್ದೆವು.

ಎರಡನೆಯ ಹಾಸ್ಟೆಲಿನ ಗೇಟಿಗೆ ಬೀಗ ಇತ್ತು. ನೋಡಿಕೊಳ್ಳುವವರು ಎಲ್ಲಿಗೋ ಹೋಗಿದ್ದರು. ಬಂದಾರೆಂದು ಬಹಳ ಹೊತ್ತು ಕಾದೆವು. ಬರಲಿಲ್ಲ. ನಾವು ಬಂದವರು ಸುಮ್ಮನೆ ಹೋಗುವುದು ಬೇಡವೆಂದು ಅಪ್ಪ ಗೇಟಿನ ಮುಂದೆಯೇ ಅಕ್ಕನನ್ನು ಕೂರಿಸಿ ರೊಟ್ಟಿ ಕೊಟ್ಟ. ಅಲ್ಲಿ ಒಂದು ನಾಯಿ ಬಂದು ನೋಡುತ್ತ ಕುಳಿತಿತು. ಅಕ್ಕ ಅದಕ್ಕೆ ಹಾಕಿದಳು. ನಾಯಿ ತಿಂದದ್ದನ್ನು ಅಪ್ಪ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅದು ಒಂದು ಉದ್ದನೆಯ ಹಾಲ್. ಎರಡು ಸಾಲು ಮಂಚ, ಇಪ್ಪತ್ತರಷ್ಟು ಹುಡುಗಿಯರು, ಮೇಲೆ ತಗಡಿನ ಪತ್ರಾಸ್. ನೋಡಿಕೊಳ್ಳುವವರು ಉದ್ದವ್ವ ಅಕ್ಕೋರು. ಮೊದಲು ಸಾಲಿಯಲ್ಲಿ ಕಲಿಸುತ್ತಿದ್ದರು, ಈಗ ನಿವೃತ್ತರು. ಅಪ್ಪ ಕೊಟ್ಟ ಕೂಡಲೇ ಅಕ್ಕ ಖಾಲಿ ಮಂಚದ ಮೇಲೆ ಕುಳಿತು ಮೂರು ರೊಟ್ಟಿ ತಿಂದಳು. ತಿಂದು, “ಉಳ್ಳಾಗಡ್ಡಿ ಐತೇನ?” ಎಂದು ಕೇಳಿದಳು.

ಉಳ್ಳಾಗಡ್ಡಿ ಕೇಳಿದ್ದರಿಂದ ಅಪ್ಪನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅಲ್ಲೇ ಉದ್ದವ್ವ ಅಕ್ಕೋರಿಗೆ ಮಾತು ಕೊಟ್ಟ.

ಬಸ್ಸಿನಲ್ಲಿ ಬರುವಾಗ ಅಪ್ಪ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. “ಮೊದಲನೇದ್ರಾಗ ನೀ ಮೂಸಿ ಸೈತ ನೋಡ್ಲಿಲ್ಲ. ಒಂಟಿ ಖೋಲಿ ಅದು. ಇಲ್ಲಿ ಎಷ್ಟ ಮಂದಿ ನೋಡು, ಹಿಂಡ ಹಿಂಡ. ಒಂಟಿ ಕುರಿ ಎಲ್ಲೂ ಮೇಯೂದಿಲ್ಲ.” ಅಪ್ಪ ಅಷ್ಟು ಖುಷಿಯಿಂದ ಮಾತಾಡುವುದು ಅಪರೂಪ. ಅಕ್ಕ ಅವನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಕಿಟಕಿಯ ಹೊರಗೆ ಕಬ್ಬಿನ ಕಡೆ ನೋಡತೊಡಗಿದಳು.

ಹೀಗೆ ಅಕ್ಕ ಆ ಉದ್ದನೆಯ ಹಾಲಿಗೆ ಸೇರಿದಳು.

ಅವಳ ತೊಂದರೆ ಏನೆಂದರೆ, ಬಾಯಿ ಬಿಟ್ಟು ಓದದಿದ್ದರೆ ಅವಳಿಗೆ ಏನೂ ತಲೆಗೆ ಹೋಗುವುದಿಲ್ಲ. ಇದು ಕುರಿ ಕಾಯುವುದರಿಂದ ಬಂದ ರೂಢಿ. ಅಡವಿಯಲ್ಲಿ ಮನುಷ್ಯರ ದನಿ ಕೇಳುತ್ತಿದ್ದರೆ ಕುರಿ ಸಮಾಧಾನದಿಂದ ಮೇಯುತ್ತವೆ. ಉಳಿದವರು ಹಾಡು ಹೇಳುತ್ತಾರೆ ಅಥವಾ ಕುರಿಯನ್ನು ಬೈಯುತ್ತಾರೆ. ಅಕ್ಕ ಪುಸ್ತಕ ಓದುತ್ತಿದ್ದಳು. ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಅವಳು ಹಾಗೆಯೇ ಪಾಸಾದದ್ದು.

ಹಾಲಿನಲ್ಲಿ ಮೊದಲ ಸಂಜೆಯೇ ಅವಳು ಪುಸ್ತಕ ತೆಗೆದು ಓದತೊಡಗಿದಳು.

“ಏ ತಂಗಿ, ಇದೇನ್ ಒಂದನೇತ್ತಾ ಸಾಲೀನ?” ಎಂದು ಆ ಕಡೆಯ ಸಾಲಿನಿಂದ ಒಬ್ಬಳು ಕೇಳಿದಳು.

“ಮನಸ್ಸಿನ್ಯಾಗ ಓದ್ಕೊ ಬೇ. ನಮಗೂ ಪರೀಕ್ಷಾ ಅದಾವು,” ಎಂದಳು ಸಪ್ನಾ. ಸಪ್ನಾ ಹುಕ್ಕೇರಿ ಕಡೆಯವಳು, ಬಿ.ಎ. ಓದುತ್ತಿದ್ದಳು.

ಉದ್ದವ್ವ ಅಕ್ಕೋರು ಬಂದು, ಹಾಲಿನಲ್ಲಿ ಬಾಯಿ ಬಿಟ್ಟು ಓದುವಂತಿಲ್ಲ, ಅದು ಮೊದಲಿನಿಂದ ಇದ್ದ ನಿಯಮ ಎಂದರು. ಅಕ್ಕ ಪುಸ್ತಕ ಮುಚ್ಚಿದಳು. ಬಟ್ಟೆ ಒಗೆಯುವ ಕಡೆ ಹೋಗಿ ಓದಿದಳು. ಅಲ್ಲಿ ಸರದಿ ಕಾಯುವವರು ಬೈದರು. ಅಡಿಗೆ ಖೋಲಿಯ ಮಾಳಿಗೆಯ ಮೇಲೆ ಹೋದಳು; ಪಕ್ಕದ ಮನೆಯವರು, ಈ ಹುಡುಗಿ ನಮ್ಮ ಮೇಲೆ ಏನೋ ಹೇಳುತ್ತಿದ್ದಾಳೆ ಎಂದು ದೂರು ಕೊಟ್ಟರು. ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದ ಅಂಕಗಳನ್ನು ಅವಳು ನಮಗೆ ಹೇಳಲಿಲ್ಲ. ಇಲ್ಲಿ ಬರೆಯಲು ಕೇಳಿದಾಗಲೂ ಹೇಳಲಿಲ್ಲ.

ಒಂದು ಸಂಜೆ ಅಕ್ಕ ಮಂಚದ ಮೇಲೆ ಸುಮ್ಮನೆ ಕುಳಿತು ಎರಡೂ ಸಾಲು ಮಂಚಗಳನ್ನು ನೋಡುತ್ತಿದ್ದಳು. ಯಾರೂ ಬಾಯಿ ಬಿಟ್ಟು ಓದುತ್ತಿರಲಿಲ್ಲ. ಆದರೆ ಎಲ್ಲರೂ ಬಾಯಿ ಬಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದರು. ಒಬ್ಬಳು ಅಳುತ್ತಿದ್ದಳು, ಒಬ್ಬಳು ತಮ್ಮನಿಗೆ ಬೈಯುತ್ತಿದ್ದಳು, ಸಪ್ನಾ ಅವರವ್ವನಿಗೆ ಹುಳಿಪಲ್ಯ ಮಾಡುವುದು ಹೇಗೆಂದು ಹೇಳುತ್ತಿದ್ದಳು. ಫೋನಿನ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಅದರಿಂದ ಯಾರಿಗೂ ಗದ್ದಲವೂ ಆಗುತ್ತಿರಲಿಲ್ಲ.

ಅಕ್ಕ ತನ್ನ ಫೋನನ್ನು ಕಿವಿಗೆ ಹಿಡಿದಳು. ತೊಡೆಯ ಮೇಲೆ ಪುಸ್ತಕ ಇಟ್ಟು, ಅದರ ಮೇಲೆ ದುಪಟ್ಟಾ ಅರ್ಧ ಮುಚ್ಚಿ, ಓದಲು ಶುರು ಮಾಡಿದಳು. ಫೋನು ಯಾರಿಗೂ ಹಚ್ಚಿರಲಿಲ್ಲ. ಯಾರೂ ತಲೆ ಎತ್ತಲಿಲ್ಲ.

ಅಂದಿನಿಂದ ದಿನಾ ಸಂಜೆ ಒಂದು ತಾಸು ಹೀಗೆಯೇ ನಡೆಯಿತು. ಪುಸ್ತಕ ಇಂಗ್ಲಿಷಿನದು. ಆದ್ದರಿಂದ ಅವಳು ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ ಎಂದು ಹಾಲಿನಲ್ಲಿ ಸುದ್ದಿಯಾಯಿತು. ಹುಡುಗ ದೊಡ್ಡ ಓದು ಓದಿದವನಿರಬೇಕು ಎಂದು ಒಬ್ಬರು, ಬೆಳಗಾವಿಯವನಿರಬೇಕು ಎಂದು ಇನ್ನೊಬ್ಬರು.

ಇದಕ್ಕೆ ಇನ್ನೊಂದು ಸೇರಿತು. ಅಡವಿಯಲ್ಲಿ ಅಕ್ಕ ಒಂದು ಪುಟ ಮುಗಿದ ಕೂಡಲೇ ತಲೆ ಎತ್ತಿ, ತುಟಿ ಚೂಪು ಮಾಡಿ ‘ಪ್ಚ್, ಪ್ಚ್’ ಎಂದು ಕುರಿಗಳನ್ನು ಕರೆಯುತ್ತಿದ್ದಳು. ಕುರಿಗಳು ಮುಖ ಎತ್ತುತ್ತಿದ್ದವು, ಎಲ್ಲಾ ಇವೆಯೆಂದು ನೋಡಿಕೊಂಡು ಅವಳು ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಈ ಸದ್ದು ಹಾಲಿನಲ್ಲೂ ಬರುತ್ತಿತ್ತು. ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

“ಏನ್ ಮಾಡ್ತಾನ ಬೇ ಅಂವಾ?” ಎಂದು ಸಪ್ನಾ ಒಂದು ದಿನ ಕೇಳಿದಳು.

“ಯಾರು?”

“ಆತು ಬಿಡು. ನಾ ಯಾರ ಮುಂದೂ ಹೇಳೂದಿಲ್ಲ.”

ಅಕ್ಕನಿಗೆ ಆಗ ತಿಳಿಯಿತು. ಇಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಓದು ನಿಲ್ಲುತ್ತಿತ್ತು. ಅವಳು ಸುಮ್ಮನಿದ್ದಳು. ಎರಡನೆಯ ಟೆಸ್ಟಿನ ಅಂಕಗಳನ್ನು ಅವಳೇ ಫೋನ್ ಮಾಡಿ ನಮಗೆ ಹೇಳಿದಳು.

ತಾನು ಯಾರ ಮುಂದೂ ಹೇಳಲಿಲ್ಲ ಎಂದು ಸಪ್ನಾ ಈಗಲೂ ಹೇಳುತ್ತಾಳೆ. ಅವಳೇ ಹೇಳಿದ್ದು ಎಂದು ಅಕ್ಕ ಹೇಳುತ್ತಾಳೆ. ಹೇಗಾದರೂ ಉದ್ದವ್ವ ಅಕ್ಕೋರಿಗೆ ಗೊತ್ತಾಯಿತು. ಅವರು ಅಪ್ಪನಿಗೆ ಫೋನ್ ಮಾಡಿದರು.

ನಾವು ಆಗ ಧುಪದಾಳದ ಹತ್ತಿರ ಒಂದು ಹೊಲದಲ್ಲಿ ಕುರಿ ತರುಬಿದ್ದೆವು. ಅಪ್ಪ ಫೋನ್ ಕೇಳಿ, ಅದನ್ನು ಅಂಗಿಯ ಕಿಸೆಯಲ್ಲಿಟ್ಟು, “ಮಾತು ಬಂತು,” ಎಂದ. ಅವ್ವ ಏನು ಎಂದು ಕೇಳಿದರೆ ಹೇಳಲಿಲ್ಲ. ಸಿದ್ರಾಯ ಮಾವನಿಗೆ ಮಾತ್ರ ಫೋನ್ ಮಾಡಿದ. ಮಾವ ಹುಕ್ಕೇರಿಯಿಂದ ತನ್ನ ಟೆಂಪೋ ತಗೊಂಡು ಬಂದ. ಟ್ರಂಕ್ ಅಲುಗಾಡಬಾರದೆಂದು ಹಗ್ಗವನ್ನೂ ತಂದಿದ್ದ. ಇಬ್ಬರೂ ಗೋಕಾಕಕ್ಕೆ ಹೋದರು.

ಗಂಡಸರನ್ನು ಹಾಲಿನೊಳಗೆ ಬಿಡುವುದಿಲ್ಲ. ಬಾಗಿಲ ಪಕ್ಕದ ಸಣ್ಣ ಖೋಲಿಗೆ ಉದ್ದವ್ವ ಅಕ್ಕೋರು ಅಪ್ಪನನ್ನೂ ಅಕ್ಕನನ್ನೂ ಕರೆದರು. ಮಾವ ಹೊರಗೆ ಟೆಂಪೋದಲ್ಲೇ ಕುಳಿತ.

“ಕುಂದರ್ರಿ ಕಾಕಾ.”

“ಇರಲ್ರಿ,” ಎಂದು ಅಪ್ಪ ನಿಂತೇ ಇದ್ದ.

“ನಿಮ್ಮ ಹುಡುಗಿ ಶಾಣೇಕಿ ಅದಾಳ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ದಿನಾ ಸಂಜೀಕ ಒಂದ ತಾಸು ಒಬ್ಬನ ಜೋಡಿ ಫೋನಿನ್ಯಾಗ ಮಾತಾಡತಾಳ. ಇಂಗ್ಲಿಷಿನ್ಯಾಗ.”

“ಇಂಗ್ಲಿಷಿನ್ಯಾಗ?” ಎಂದ ಅಪ್ಪ.

“ಹ್ಞೂಂರಿ. ಮ್ಯಾಲ...” ಅಕ್ಕೋರು ಕಿಟಕಿಯ ಕಡೆ ನೋಡಿದರು. “ಮ್ಯಾಲ ಫೋನಿಗಿ ಮುತ್ತ ಕೊಡತಾಳಂತ್ರಿ.”

ಅಪ್ಪ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ ಎಂದು ಅಕ್ಕ ಹೇಳುತ್ತಾಳೆ.

“ಯಾರ ಅಂವಾ?”

“ಯಾರೂ ಇಲ್ಲಪ್ಪ,” ಎಂದಳು ಅಕ್ಕ.

ಅಕ್ಕೋರು ಅವಳ ಫೋನನ್ನು ತೆಗೆಸಿ ನೋಡಿದರು. ಅದರಲ್ಲಿ ಇದ್ದದ್ದು ಅಪ್ಪನಿಗೆ ಮಾಡಿದ ಫೋನುಗಳಷ್ಟೇ. ಸಂಜೆಯ ಹೊತ್ತಿಗೆ ಯಾರಿಗೂ ಹಚ್ಚಿಲ್ಲ, ಯಾರದೂ ಬಂದಿಲ್ಲ. ಅಕ್ಕೋರು ಕನ್ನಡಕ ತೆಗೆದರು. ಇದರಿಂದ ಅವರಿಗೆ ಸಮಾಧಾನವಾಗಬಹುದೆಂದು ಅಕ್ಕ ತಿಳಿದಿದ್ದಳು. ಹಾಗಾಗಲಿಲ್ಲ.

“ಹುಡುಗ ಇದ್ದಿದ್ರ ಬೈದು ಬಿಡಿಸಬಹುದಿತ್ರಿ ಕಾಕಾ. ಯಾರೂ ಇಲ್ದ ದಿನಾ ಒಂದ ತಾಸು ಮಾತಾಡತಾಳಂದ್ರ ನಾ ಏನ್ ಮಾಡ್ಲಿ? ಯಾರಿಗಾದ್ರೂ ತೋರಸ್ರಿ.”

ಬಾಗಿಲ ಹಿಂದಿನಿಂದ ಸಪ್ನಾ ತಲೆ ಹಾಕಿದಳು. “ಇಲ್ರಿ ಅಕ್ಕೋರ, ಅಂವಾ ಅದಾನ್ರಿ. ನಾ ಕೇಳೇನ್ರಿ.”

“ಏನ್ ಕೇಳಿದಿ?”

“ಆಕೀ ಮಾತು ಕೇಳೇನ್ರಿ.”

“ಅಂವಂದು?”

ಸಪ್ನಾ ಸ್ವಲ್ಪ ವಿಚಾರ ಮಾಡಿದಳು. “ಅಂವಾ ಸಾವಕಾಶ ಮಾತಾಡತಾನ್ರಿ,” ಎಂದಳು.

ಹೊರಗಿನಿಂದ ಮಾವ ಕೂಗಿದ. “ಭಾವಾ, ಟ್ರಂಕ್ ತರಾಕ ಒಳಗ ಬರ್ಲೇನು?”

“ತಡಿ,” ಎಂದ ಅಪ್ಪ.

ಅಕ್ಕ ಹಾಲಿಗೆ ಹೋಗಿ ಪುಸ್ತಕ ತಂದಳು. ಅಪ್ಪನ ಎದುರು ನಿಂತು, ಫೋನನ್ನು ಹಿಡಿಯದೆ, ನಿನ್ನೆ ನಿಲ್ಲಿಸಿದ್ದ ಜಾಗದಿಂದ ಓದಿದಳು. ಪುಟ ಮುಗಿಯಿತು. ತುಟಿ ಚೂಪಾಗಿ ‘ಪ್ಚ್, ಪ್ಚ್’ ಎಂದು ಸದ್ದು ಬಂತು. ಸಪ್ನಾ, “ಅದ ರೀ, ಅದ!” ಎಂದಳು.

ಅಪ್ಪ ತಲೆ ಎತ್ತಿದ. “ಅಕ್ಕೋರ, ಇದು ಮುತ್ತಲ್ರಿ. ಕುರಿ ಕರಿಯೂದು.”

“ಇಲ್ಲೆಲ್ಲಿ ಕುರಿ ಅದಾವ್ರಿ?”

“ಇಲ್ರಿ. ರೂಢಿ.”

ಅಪ್ಪ ತಾನೇ ಎರಡು ಸಲ ಮಾಡಿ ತೋರಿಸಿದ. ಅಕ್ಕೋರು ಅಕ್ಕನಿಂದ ಇನ್ನೊಮ್ಮೆ ಮಾಡಿಸಿ ಕೇಳಿದರು. ಎರಡೂ ಒಂದೇ ಎಂದು ಒಪ್ಪಿದರು. ಆದರೆ ನಿಯಮ ನಿಯಮವೇ. “ಬಾಯಿ ಬಿಟ್ಟ ಓದೂದಿತ್ತಂದ್ರ ಈ ಹಾಲಿಗಿ ಯಾಕ ಬಂದ್ಯವ್ವಾ? ಖೋಲಿ ಇರೂ ಹಾಸ್ಟೆಲಿಗಿ ಹೋಗಬೇಕಿತ್ತು. ಇಲ್ಲಿ ಮನಸ್ಸಿನ್ಯಾಗ ಓದು, ಇಲ್ಲಾ ಬ್ಯಾರೆ ದಾರಿ ನೋಡ್ಕೊ.”

“ಹಂಗಲ್ರಿ, ಇದು ಆಕಿಗಿ ಒಪ್ಪಿದ ಜಾಗಾ. ನಾ ನೋಡೇ ಹಾಕೇನಿ,” ಎಂದು ಅಪ್ಪ ರೊಟ್ಟಿಯ ಸಂಗತಿಯನ್ನು ಮೊದಲಿನಿಂದ ಹೇಳಿದ. ಅಕ್ಕೋರು ಪೂರ್ತಿ ಕೇಳಿದರು. ಹೇಳಿ ಮುಗಿಸಿ ಅಪ್ಪ ಅಕ್ಕನ ಕಡೆ ತಿರುಗಿದ. “ಜಾಗಾ ಚಲೋ ಇದ್ದು ಕುರಿ ಸೊರಗಿದ್ರ, ರೋಗ ಕುರೀದ. ಓದು ನಿನಗ ಒಗ್ಗಲಿಲ್ಲ, ತಂಗಿ. ಟ್ರಂಕ್ ತಗೊ.”

ಮಾವ ಹಾರ್ನ್ ಹೊಡೆದ.

ಅಕ್ಕ ಟ್ರಂಕಿನ ಕಡೆ ಹೋಗಲಿಲ್ಲ. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ. ಈ ಭಾಗವನ್ನು ಅವಳಿಂದ ಎರಡು ಸಲ ಹೇಳಿಸಿಕೊಂಡಿದ್ದೇನೆ.

“ಅಪ್ಪಾ, ಅವತ್ತ ನನಗ ಹೊಟ್ಟಿ ಹಸದಿತ್ತು.”

“ಯಾವತ್ತ?”

“ರೊಟ್ಟಿ ತಿಂದ ದಿನ. ಮುಂಜಾನೆ ಅವ್ವ ಹೊಟ್ಟಿ ತುಂಬ ಉಣಿಸಿದ್ಲು. ಅದಕ್ಕ ಮೊದಲನೇದ್ರಾಗ ತಿನ್ಲಿಲ್ಲ. ಇಲ್ಲಿ ಬರೂದ್ರಾಗ ಮೂರ ಗಂಟೆ ಆಗಿತ್ತು. ಎಲ್ಲಿ ಕುಂದ್ರಿಸಿದ್ರೂ ತಿಂತಿದ್ದೆ.”

“ಬಸ್‌ಸ್ಟ್ಯಾಂಡಿನ್ಯಾಗಾದ್ರೂ?”

“ಬಸ್‌ಸ್ಟ್ಯಾಂಡಿನ್ಯಾಗಾದ್ರೂ.”

ಅಪ್ಪ ಮತ್ತೆ ಕೇಳಿದ. “ಉಳ್ಳಾಗಡ್ಡಿ?”

“ಉಳ್ಳಾಗಡ್ಡೀನೂ.”

ಇಲ್ಲಿಯವರೆಗಿನ ಮಾತನ್ನು ಅಕ್ಕ, ಸಪ್ನಾ ಇಬ್ಬರೂ ಒಪ್ಪುತ್ತಾರೆ. ಅಪ್ಪ ತಲೆಯ ಮೇಲಿನ ರುಮಾಲು ತೆಗೆದು, ಬಿಚ್ಚಿ, ಮತ್ತೆ ಸುತ್ತಿಕೊಂಡ.

“ಅವತ್ತ ಹೇಳಬೇಕಿತ್ತಲ್ಲ.”

“ಮಾತಾಡಬ್ಯಾಡ ಅಂತ ನೀನ ಹೇಳಿದ್ದಿ.”

“ಹೇಳಿದ್ದೆ,” ಎಂದ ಅಪ್ಪ. ಕುರಿಯ ಮುಂದೆ ಮಾತಾಡಬಾರದು ಎಂಬುದು ಸರಿ, ಆದರೆ ಕುರಿಗೂ ಹೊಟ್ಟೆ ತುಂಬಿದ ದಿನ ಇರುತ್ತದೆ ಎಂಬುದನ್ನು ತಾನು ಹಿಡಿಯಲಿಲ್ಲ ಎಂದು ಅಪ್ಪ ಅಕ್ಕೋರಿಗೆ ವಿವರಿಸಿದ. ಅಕ್ಕೋರು, “ಇರಬಹುದ್ರಿ,” ಎಂದರು.

ಆಮೇಲೆ ಅಪ್ಪ ಅಕ್ಕನನ್ನು ಕೇಳಿದ. “ಮತ್ತ ನಿನಗ ಏನ್ ಬೇಕು?”

ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ಅಕ್ಕ ಉತ್ತರವನ್ನು ಜೂನ್ ತಿಂಗಳಿನಿಂದ ಇಟ್ಟುಕೊಂಡಿದ್ದಳು. ಆದರೆ ವರ್ಷದ ನಡುವೆ ಯಾವ ಹಾಸ್ಟೆಲಿನಲ್ಲೂ ಖೋಲಿ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಉತ್ತರವನ್ನು ಬಿಟ್ಟು ಬೇರೆ ಹೇಳಿದಳು.

“ಇಲ್ಲೇ ಇರತೇನಿ. ಕಾಲೇಜ್ ಬಿಡೂದಿಲ್ಲ. ಬಾಯಿ ಬಿಟ್ಟ ಓದಾಕ ಒಂದ ಮೂಲಿ ಬೇಕು. ಫೋನ್ ಹಿಡಕೊಂಡು ಹಿಡಕೊಂಡು ಕೈ ನೋಯಾಕತ್ತೈತಿ.”

ಅಪ್ಪ ಅಕ್ಕೋರ ಕಡೆ ನೋಡಿದ. ಅಕ್ಕೋರು ಹಾಲಿನ ಕಡೆ ನೋಡಿದರು. ಹಾಲಿನ ನಿಯಮ ಹಾಲಿನೊಳಗೆ ಮಾತ್ರ ಎಂದು ಅವರೇ ಕಡೆಗೆ ಹೇಳಿದರು. ಹೊರಗಿನ ಪಡಸಾಲೆಯಲ್ಲಿ ಗೇಟಿನ ಎದುರು ಒಂದು ಬೆಂಚು ಇತ್ತು. ಸಂಜೆ ಅಲ್ಲಿ ಕುಳಿತು ಓದಲಿ, ಎಲ್ಲರಿಗೂ ಕಾಣುತ್ತಾಳೆ, ಯಾರಿಗೂ ಅನುಮಾನ ಬರುವುದಿಲ್ಲ.

“ಆದ್ರ ಆ ಸದ್ದು ಬ್ಯಾಡವ್ವಾ. ರಸ್ತೇದಾಗ ಹುಡುಗೂರು ಅಡ್ಡಾಡತಾವು.”

“ಅದು ನನ್ನ ಕೈಯಾಗಿಲ್ರಿ ಅಕ್ಕೋರ. ತಾನ ಬರತೈತಿ,” ಎಂದಳು ಅಕ್ಕ. ಇದನ್ನು ಅವಳು ಹೇಳದಿದ್ದರೂ ನಡೆಯುತ್ತಿತ್ತು.

ಅಕ್ಕೋರು ನಿಟ್ಟುಸಿರು ಬಿಟ್ಟರು. “ಹಂಗಾರ ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರು.”

ಅಕ್ಕ ಆಗಲೇ ಹೋಗಿ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಇನ್ನೂ ಸಂಜೆಯಾಗಿರಲಿಲ್ಲ, ಆದರೆ ಅಕ್ಕೋರು ಮನಸ್ಸು ಬದಲಿಸುವ ಮುಂಚೆ ಶುರು ಮಾಡುವುದು ಒಳ್ಳೆಯದೆಂದು ಅವಳಿಗೆ ಅನ್ನಿಸಿತು. ಅಪ್ಪ ಮೆಟ್ಟಿಲ ಮೇಲೆ ಕುಳಿತು ಕೇಳಿದ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಮಾವ ಟೆಂಪೋದಿಂದ ಇಳಿದು ಗೇಟಿಗೆ ಬಂದು, “ಭಾವಾ, ಏನಾತು? ಎಮ್ಮಿ ಹಿಂಡೂ ಹೊತ್ತಾತು,” ಎಂದ.

“ಟ್ರಂಕ್ ಇಲ್ಲ. ನನ್ನ ಧುಪದಾಳಕ ಬಿಟ್ಟ ಹೋಗು.”

“ಡೀಸಲ್ ಸುಮ್ಮನ ಹೋತು,” ಎಂದು ಮಾವ ಹಗ್ಗ ಸುತ್ತಿಕೊಂಡ.

ಅಕ್ಕ ಪುಟದ ನಡುವೆ ಇದ್ದಳು. ಅಪ್ಪ ಎದ್ದು ಚಪ್ಪಲಿ ಮೆಟ್ಟಿದ್ದು ಅವಳಿಗೆ ಕೇಳಿಸಿತು. ಹಿಂದಿರುಗಿ ನೋಡಬೇಕೆನ್ನಿಸಿತಂತೆ. ಓದು ನಿಲ್ಲಿಸಲಿಲ್ಲ.

ನಾನು ಕುರಿಗಳನ್ನು ಬಲೆಯೊಳಗೆ ಹೊಡೆಯುತ್ತಿದ್ದಾಗ ಅಪ್ಪ ಟೆಂಪೋದಿಂದ ಇಳಿದ. ಟೆಂಪೋ ಖಾಲಿ ಇತ್ತು. ಅವ್ವ ಒಲೆಯ ಮುಂದಿನಿಂದ ಎದ್ದು ನಿಂತು, “ಏನಾತ್ರಿ? ಹುಡುಗಿ ಎಲ್ಲಿ?” ಎಂದು ಕೇಳಿದಳು.

“ಓದಾಕತ್ತಾಳ,” ಎಂದ ಅಪ್ಪ. ನಾಳೆ ಯಾವ ಹೊಲಕ್ಕೆ ಹೋಗುವುದು ಎಂದು ಅವ್ವನ ಹತ್ತಿರ ಮಾತಾಡುತ್ತ ಕೈಕಾಲು ತೊಳೆಯಲು ಹೋದ.